ಕಡ್ಡಾಯ ಹಬ್ಬದ ದಿನ ಕಥೋಲಿಕರು ಕೆಲಸಕ್ಕೆ ಹೋದರೆ ಪಾಪವೇ?

ಹೋಗಲೇಬೇಕಾದ ಕೆಲಸವಾದರೆ ಪಾಪವಲ್ಲ. ಆದರೆ ಕಡ್ಡಾಯ ಹಬ್ಬ ಅಂದರೆ ಭಾನುವಾರದ ಹಾಗೆ ಚರ್ಚಿನ ಬಲಿಪೂಜೆಗೆ ಹೋಗಲೇಬೇಕಾದ ದಿನ. ಆ ಪೂಜೆ ತಪ್ಪಿಸಬಾರದು, ಮುಖ್ಯ ಅದೇ.

1917ರ ಕಥೋಲಿಕ ಧರ್ಮಸಭೆಯ ಕಾನೂನಿನಲ್ಲಿ ಮೈಬಗ್ಗಿಸಿ ದುಡಿಯುವ ಕೆಲಸ, ಕೋರ್ಟು ಕಲಾಪ, ಸಂತೆ ವ್ಯಾಪಾರ ಬೇಡ ಅಂತಲೇ ಇತ್ತು. 1983ರ ಕಾನೂನು ಅಂಥ ಪಟ್ಟಿ ಕೊಡುವುದಿಲ್ಲ. ಆರಾಧನೆಗೆ, ಆ ದಿನದ ಸಂತೋಷಕ್ಕೆ, ಮೈಮನಸ್ಸಿನ ವಿಶ್ರಾಂತಿಗೆ ಅಡ್ಡಬರುವ ಕೆಲಸ ಬಿಡಿ ಎನ್ನುತ್ತದೆ 1247ನೇ ವಿಧಿ. ಹಿತ್ತಲ ಗಿಡಕ್ಕೆ ನೀರು ಹಾಕಿದರೆ ಯಾರೂ ಕೇಳಲ್ಲ. ಸುಮ್ನೆ ನಾಲ್ಕು ಕಾಸು ಜಾಸ್ತಿ ಸಿಗುತ್ತೆ ಅಂತ ಓವರ್‌ಟೈಮ್ ಹಾಕಿಸಿಕೊಂಡು ಪೂಜೆ ಬಿಟ್ಟರೆ ಅದು ತಪ್ಪೇ.

ನರ್ಸ್, ಬಸ್ ಡ್ರೈವರ್, ರಜೆ ಹಾಕಿದರೆ ಮನೆ ನಡೆಯದವರು, ಇವರಿಗೆಲ್ಲ ನ್ಯಾಯವಾದ ಕಾರಣವಿದೆ, ಅಲ್ವಾ? ಹಿಂದಿನ ದಿನ ಸಂಜೆಯ ಪೂಜೆಗೆ ಹೋದರೂ ಲೆಕ್ಕಕ್ಕೆ ಬರುತ್ತದೆ. ಅದೂ ಆಗದಿದ್ದರೆ ಫಾದರ್‌ಗೆ ಮೊದಲೇ ಹೇಳಿ. ವಿನಾಯಿತಿ ಕೊಡುವ ಅಧಿಕಾರ ಧರ್ಮಕೇಂದ್ರದ ಗುರುಗಳಿಗಿದೆ.

ಭಾರತದ ಲ್ಯಾಟಿನ್ ವಿಧಿಯವರಿಗೆ, ಅಂದರೆ ರೋಮಿನ ಆರಾಧನಾ ಪದ್ಧತಿ ಅನುಸರಿಸುವ ಕಥೋಲಿಕರಿಗೆ, ಇದು ದೊಡ್ಡ ತಲೆನೋವಲ್ಲ ಬಿಡಿ. ಭಾನುವಾರ ಬಿಟ್ಟರೆ ಕಡ್ಡಾಯ ಇರುವುದು ಕ್ರಿಸ್ಮಸ್ ಮತ್ತು ಆಗಸ್ಟ್ 15ರ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬ. ಎರಡೂ ದಿನ ಸರ್ಕಾರಿ ರಜೆ. ಮಂಗಳೂರಿನಲ್ಲಿ ಅಷ್ಟು ಜೋರಾಗಿ ನಡೆಯುವ ಸೆಪ್ಟೆಂಬರ್ 8ರ ಮೊಂತಿ ಹಬ್ಬ (ಮರಿಯಮ್ಮನವರ ಜನ್ಮದಿನ) ಈ ಪಟ್ಟಿಯಲ್ಲಿಲ್ಲ.