ಇಂಗ್ಲಿಷ್ ಮೇಲ್‌ಗೆ ಗಂಟೆಗಟ್ಟಲೆ ಹಿಡಿಯುತ್ತಿದ್ದರೆ ಮೊದಲು ಕೊನೆಯ ಸಾಲನ್ನು ಮೇಲೆ ತನ್ನಿ

ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೀರಿ, ಈಗ ಹೊರದೇಶಕ್ಕೆ ಮಾಲು ಕಳಿಸುವ ಕಂಪನಿಯಲ್ಲಿ ಕೆಲಸ ಸಿಕ್ಕಿದೆ, ಒಂದು ಇಂಗ್ಲಿಷ್ ಮೇಲ್ ಬರೆಯಲು ಒಂದು ಗಂಟೆ ಹಿಡಿಯುತ್ತದೆ, ಅಷ್ಟು ಕಷ್ಟಪಟ್ಟು ಕಳಿಸಿದರೂ ಕೇಳಿದ್ದಕ್ಕೆ ಉತ್ತರ ಬರುವುದಿಲ್ಲ, ಗ್ರಾಮರ್ ಪುಸ್ತಕ ತಗೊಳ್ಳಲಾ, ಕೋರ್ಸ್ ಸೇರಲಾ ಎಂದು ಕೇಳಿದ್ದೀರಿ. ಎರಡೂ ಈಗಲೇ ಬೇಡ.

ನಾನೂ ಅದೇ ದಾರಿಯಲ್ಲಿ ಬಂದವನು. ಹಾವೇರಿ ಕಡೆಯ ಹಳ್ಳಿ. ಹತ್ತರವರೆಗೆ ಕನ್ನಡ, ಆಮೇಲೆ ಮೆಕ್ಯಾನಿಕಲ್ ಡಿಪ್ಲೊಮಾ, ಆಮೇಲೆ ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಸಣ್ಣ ಫ್ಯಾಕ್ಟರಿ. ಹನ್ನೆರಡು ವರ್ಷದಿಂದ ಜರ್ಮನಿ, ಇಟಲಿ, ಅಮೆರಿಕದ ಕಸ್ಟಮರ್‌ಗಳಿಗೆ ದಿನಾ ಮೇಲ್ ಬರೆಯುತ್ತಿದ್ದೇನೆ. ಇವತ್ತಿಗೂ ನನ್ನ ಇಂಗ್ಲಿಷ್‌ನಲ್ಲಿ ತಪ್ಪು ಇರುತ್ತದೆ. ಆದರೆ ಉತ್ತರ ಬರುತ್ತದೆ.

ಮೊದಲ ವರ್ಷ ಆದದ್ದನ್ನು ಹೇಳುತ್ತೇನೆ. ಜರ್ಮನಿಯ ಒಂದು ಕಂಪನಿಯಿಂದ ಆರ್ಡರ್ ಬಂದಿತ್ತು. ಅವರು ಹೊಸ ಡ್ರಾಯಿಂಗ್ ಕಳಿಸಿದ್ದರು, ಅದರಲ್ಲಿ ತೂತಿನ ಅಳತೆ 8.5 ಮಿ.ಮೀ. ಆದರೆ ಪರ್ಚೇಸ್ ಆರ್ಡರ್‌ನಲ್ಲಿ ಹಳೇ ಡ್ರಾಯಿಂಗ್ ನಂಬರೇ ಇತ್ತು, ಅದರ ಪ್ರಕಾರ 8.2. ಯಾವುದನ್ನು ಹಿಡಿಯಬೇಕು ಎಂದು ಕೇಳುವ ಕೆಲಸ ನನಗೆ ಬಂತು. ನಾನು ಹದಿನಾಲ್ಕು ಸಾಲು ಬರೆದೆ. 'ವಿತ್ ರೆಫರೆನ್ಸ್ ಟು ದಿ ಅಬೌವ್ ಸಬ್ಜೆಕ್ಟ್' ಎಂದು ಶುರು ಮಾಡಿ, ಆರ್ಡರ್ ಯಾವಾಗ ಬಂತು, ಸ್ಟೀಲ್ ಯಾವಾಗ ತರಿಸಿದೆವು, ಡ್ರಾಯಿಂಗ್ ಯಾವಾಗ ಸಿಕ್ಕಿತು, ನಮ್ಮ ಕ್ವಾಲಿಟಿಯವರು ಏನು ನೋಡಿದರು ಎಲ್ಲ ಹೇಳಿ, ಕೊನೇ ಸಾಲಿನಲ್ಲಿ 'ಕೈಂಡ್ಲಿ ಡೂ ದಿ ನೀಡ್‌ಫುಲ್ ಅಂಡ್ ರಿವರ್ಟ್' ಎಂದು ಮುಗಿಸಿದೆ. ಎರಡು ಸಲ ಸ್ಪೆಲ್ಲಿಂಗ್ ನೋಡಿದೆ. ಒಂದೂ ತಪ್ಪಿರಲಿಲ್ಲ.

ಆರು ದಿನ ಉತ್ತರ ಇಲ್ಲ. ಫೋನ್ ಮಾಡಿದಾಗ ಆ ಕಂಪನಿಯಲ್ಲಿ ನನ್ನ ಮೇಲ್ ನೋಡಿದ್ದ ಹೆಣ್ಣುಮಗಳು ಹೇಳಿದ್ದು ಇಷ್ಟೇ: ಮೇಲ್ ಓದಿದೆ, ಕೆಲಸ ಎಲ್ಲಿಗೆ ಬಂದಿದೆ ಎಂದು ತಿಳಿಸಿದ್ದೀರಿ ಅಂದುಕೊಂಡೆ, ನೀವು ಏನೋ ಕೇಳುತ್ತಿದ್ದೀರಿ ಎಂದು ಗೊತ್ತಾಗಲಿಲ್ಲ. ಆ ಆರು ದಿನದಿಂದಾಗಿ ಹಡಗಿನಲ್ಲಿ ಹೋಗಬೇಕಾದ ಮಾಲನ್ನು ವಿಮಾನದಲ್ಲಿ ಕಳಿಸಬೇಕಾಯಿತು. ಖರ್ಚು ನಮ್ಮದು. ನಮ್ಮ ಓನರ್ ಬೈಯಲಿಲ್ಲ. ನನ್ನ ಮೇಲ್ ಪ್ರಿಂಟ್ ತೆಗೆದು ಕೈಗೆ ಕೊಟ್ಟು, 'ಇದರಲ್ಲಿ ಅವರು ಮಾಡಬೇಕಾದ ಕೆಲಸ ಎಲ್ಲಿದೆ, ಬೆರಳಿಟ್ಟು ತೋರಿಸು' ಅಂದರು. ತೋರಿಸಲು ಆಗಲಿಲ್ಲ. ಹದಿನಾಲ್ಕು ಸಾಲಿನಲ್ಲಿ ಪ್ರಶ್ನೆಯೇ ಇರಲಿಲ್ಲ.

ಇದು ಯಾಕೆ ಹೀಗಾಗುತ್ತದೆ ಎಂದು ಆಮೇಲೆ ತುಂಬಾ ಯೋಚಿಸಿದ್ದೇನೆ. ನಾವು ಶಾಲೆಯಲ್ಲಿ ಬರೆದ ರಜಾ ಅರ್ಜಿ ನೆನಪಿದೆಯಾ? ಮಾನ್ಯರೇ, ವಿಷಯ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನನಗೆ ಜ್ವರ ಬಂದಿರುವುದರಿಂದ, ವೈದ್ಯರು ವಿಶ್ರಾಂತಿ ಹೇಳಿರುವುದರಿಂದ... ಹೀಗೆ ಹೋಗಿ ಹೋಗಿ ಕೊನೆಗೆ ರಜೆ ಕೇಳುವುದು. ಕಾರಣ ಮೊದಲು, ಕೋರಿಕೆ ಕೊನೆಗೆ. ನಮ್ಮ ವಾಕ್ಯವೂ ಹಾಗೇ ಅಲ್ವಾ? ಕನ್ನಡದಲ್ಲಿ ಕ್ರಿಯಾಪದ ಕೊನೆಯಲ್ಲಿ ಬರುತ್ತದೆ, ಅಲ್ಲಿಯವರೆಗೆ ಕಾಯುವುದು ಕೇಳುವವನಿಗೆ ರೂಢಿ. ಕನ್ನಡದಲ್ಲಿ ಅದು ಚೆನ್ನಾಗಿಯೇ ಇದೆ, ಎದುರಿಗಿರುವವರ ಮನಸ್ಸನ್ನು ಸಿದ್ಧಮಾಡಿ ಆಮೇಲೆ ಕೇಳುವುದು ನಮ್ಮಲ್ಲಿ ಮರ್ಯಾದೆ. ಆದರೆ ದಿನಕ್ಕೆ ನೂರು ಮೇಲ್ ನೋಡುವ ಮನುಷ್ಯ, ಅದೂ ಫೋನಿನಲ್ಲಿ, ಮೊದಲ ಎರಡು ಸಾಲು ಓದಿ ಇದು ನನಗೆ ಕೆಲಸವೋ ಸುಮ್ನೆ ಮಾಹಿತಿಯೋ ಎಂದು ತೀರ್ಮಾನ ಮಾಡಿಬಿಡುತ್ತಾನೆ. ನಾವು ಕೊನೆಯಲ್ಲಿ ಇಟ್ಟದ್ದು ಅವನಿಗೆ ಸಿಗುವುದೇ ಇಲ್ಲ.

ಹಾಗಾಗಿ ನಾನು ಹಿಡಿದ ಅಭ್ಯಾಸ ಇದು. ಬರೆಯುವ ಮೊದಲು ಒಂದು ಚೀಟಿಯಲ್ಲಿ ಕನ್ನಡದಲ್ಲೇ ಒಂದು ಸಾಲು ಬರೆದುಕೊಳ್ಳುತ್ತೇನೆ: ಇದನ್ನು ಓದಿದವರು ಏನು ಮಾಡಬೇಕು, ಯಾವಾಗಿನೊಳಗೆ? ಆ ಸಾಲೇ ಇಂಗ್ಲಿಷ್ ಮೇಲ್‌ನ ಮೊದಲ ಸಾಲು. ಅವತ್ತಿನ ಮೇಲ್ ಇವತ್ತು ಬರೆದರೆ ಹೀಗೆ ಬರೆಯುತ್ತೇನೆ: 'ಕುಡ್ ಯು ಪ್ಲೀಸ್ ಕನ್‌ಫರ್ಮ್ ದಿ ಹೋಲ್ ಸೈಜ್ ಬೈ ಥರ್ಸ್‌ಡೇ, 8.2 ಆರ್ 8.5?' ಅದರ ಕೆಳಗೆ ಎರಡು ಸಾಲು. ಆರ್ಡರ್‌ನಲ್ಲಿ ಹಳೇ ಡ್ರಾಯಿಂಗ್ ನಂಬರ್ ಇದೆ, ನೀವು ಕಳಿಸಿದ್ದು ಹೊಸದು. ಶುಕ್ರವಾರ ಡ್ರಿಲ್ಲಿಂಗ್ ಶುರು ಮಾಡಬೇಕು. ಮುಗಿಯಿತು. ಸಬ್ಜೆಕ್ಟ್ ಲೈನ್‌ನಲ್ಲಿ 'ರಿಗಾರ್ಡಿಂಗ್ ಡ್ರಾಯಿಂಗ್' ಎಂದು ಹಾಕಿದರೆ ಅದು ಯಾವ ಡ್ರಾಯಿಂಗ್, ಏನು ಬೇಕು, ಏನೂ ತಿಳಿಯುವುದಿಲ್ಲ. ಆರ್ಡರ್ ನಂಬರ್ ಹಾಕಿ, 'ಹೋಲ್ ಸೈಜ್, ಆನ್ಸರ್ ನೀಡೆಡ್ ಬೈ ಥರ್ಸ್‌ಡೇ' ಎಂದು ಹಾಕಿ. ಮೇಲ್ ತೆರೆಯದೆಯೂ ಅರ್ಧ ವಿಷಯ ತಲುಪಿರುತ್ತದೆ.

ಇನ್ನೊಂದು ವಿಷಯ ನನಗೆ ಅರ್ಥವಾಗಲು ವರ್ಷಗಳೇ ಬೇಕಾದವು. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದಲ್ಲೇ ಕೂತಿರುತ್ತದೆ. ಕಳಿಸು ಎನ್ನುವುದಕ್ಕೂ ಕಳಿಸಿ ಎನ್ನುವುದಕ್ಕೂ ಎಷ್ಟು ದೂರ ನೋಡಿ. 'ಡ್ರಾಯಿಂಗ್ ಕಳಿಸಿ' ಎಂದರೆ ಸಾಕು, ಯಾರಿಗೂ ಬೇಜಾರಾಗುವುದಿಲ್ಲ. ಅದನ್ನೇ ಇಂಗ್ಲಿಷ್‌ಗೆ ತಂದು 'ಸೆಂಡ್ ದಿ ಡ್ರಾಯಿಂಗ್' ಎಂದರೆ ಆ 'ಸಿ' ದಾರಿಯಲ್ಲೇ ಬಿದ್ದುಹೋಗಿ ಬರೀ 'ಕಳಿಸು' ಉಳಿಯುತ್ತದೆ. ನಮಗೂ ಏನೋ ಕಡಿಮೆ ಆಯ್ತು ಅನಿಸುತ್ತದೆ, ಅದಕ್ಕೆ ಮುಂದೆ 'ಕೈಂಡ್ಲಿ' ಹಚ್ಚುತ್ತೇವೆ. ಹೊರದೇಶದ ಎಷ್ಟೋ ಜನರಿಗೆ ಕೈಂಡ್ಲಿ ಎಂದರೆ ಗೋಡೆಯ ಮೇಲಿನ ಸೂಚನೆಯ ಹಾಗೆ, ಇನ್ನೂ ಬಿಗಿಯಾಗಿ ಕೇಳಿಸುತ್ತದೆ. ಇಂಗ್ಲಿಷ್ ತನ್ನ ಮರ್ಯಾದೆಯನ್ನು ಪ್ರಶ್ನೆಯಲ್ಲಿ ಇಟ್ಟುಕೊಂಡಿದೆ. 'ಕುಡ್ ಯು ಸೆಂಡ್ ದಿ ಡ್ರಾಯಿಂಗ್?' ಇದೇ ಅವರ 'ಕಳಿಸಿ'. ಇದೊಂದು ಹಿಡಿದರೆ ರೆಸ್ಪೆಕ್ಟೆಡ್ ಸರ್, ಹಂಬಲ್ ರಿಕ್ವೆಸ್ಟ್, ಯುವರ್ ಗುಡ್ ಸೆಲ್ಫ್ ಯಾವುದೂ ಬೇಕಾಗುವುದಿಲ್ಲ.

ಅಂದಹಾಗೆ 'ಡಿಯರ್ ಸರ್' ಬಗ್ಗೆ. ನಾನು ತೂತಿನ ಅಳತೆ ಕೇಳಿದ ಆ ಮೇಲ್ 'ಡಿಯರ್ ಸರ್' ಎಂದೇ ಶುರುವಾಗಿತ್ತು, ಓದಿದ್ದು ಹೆಂಗಸು. ಹೆಸರು ಗೊತ್ತಿದ್ದರೆ ಹೆಸರು ಬರೆಯಿರಿ. ಗಂಡೋ ಹೆಣ್ಣೋ ಗೊತ್ತಿಲ್ಲದಿದ್ದರೆ ಪೂರ್ತಿ ಹೆಸರು ಬರೆಯಿರಿ. ಆಂಡ್ರಿಯಾ ಎಂಬ ಹೆಸರು ಜರ್ಮನಿಯಲ್ಲಿ ಹೆಂಗಸಿನದು, ಇಟಲಿಯಲ್ಲಿ ಸಾಮಾನ್ಯವಾಗಿ ಗಂಡಸಿನದು. ಊಹೆ ಮಾಡಲು ಹೋಗಬೇಡಿ.

ಪದಗಳ ವಿಷಯಕ್ಕೆ ಬರೋಣ. ಡೂ ದಿ ನೀಡ್‌ಫುಲ್, ರಿವರ್ಟ್, ಪ್ರೀಪೋನ್, ಔಟ್ ಆಫ್ ಸ್ಟೇಷನ್, ಇವನ್ನೆಲ್ಲ ತಪ್ಪು ಇಂಗ್ಲಿಷ್ ಎಂದು ನಗುವವರು ಇದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಡೂ ದಿ ನೀಡ್‌ಫುಲ್ ಬ್ರಿಟಿಷರದೇ ಹಳೇ ಆಫೀಸ್ ಭಾಷೆ, ಅವರು ಬಿಟ್ಟರು, ನಾವು ಇಟ್ಟುಕೊಂಡೆವು. ಚೆನ್ನೈನವರಿಗೋ ಪುಣೆಯವರಿಗೋ ಬರೆಯುವಾಗ ಧಾರಾಳವಾಗಿ ಬರೆಯಿರಿ. ಹೊರಗಿನವರಿಗೆ ಬರೆಯುವಾಗ ಮಾತ್ರ ನೋಡಿಕೊಳ್ಳಿ, ಯಾಕೆಂದರೆ ಕೆಲವು ಪದಗಳಿಗೆ ಅವರಲ್ಲಿ ಬೇರೆ ಅರ್ಥ ಇದೆ. ರಿವರ್ಟ್ ಎಂದರೆ ಅವರಿಗೆ ಹಿಂದಿನ ಸ್ಥಿತಿಗೆ ಮರಳುವುದು. ಡ್ರಾಯಿಂಗ್ ಬದಲಾವಣೆಯ ಬಗ್ಗೆ ಮಾತಾಡುತ್ತಾ 'ಪ್ಲೀಸ್ ರಿವರ್ಟ್' ಎಂದು ಬರೆದರೆ, ಬದಲಾವಣೆ ಬೇಡ, ಹಳೆಯದಕ್ಕೇ ಹೋಗಿ ಎಂದು ಅರ್ಥವಾಗಬಹುದು. ಎಷ್ಟು ಅಪಾಯ ನೋಡಿ. 'ರಿಪ್ಲೈ' ಎನ್ನಿ. 'ಐ ಹ್ಯಾವ್ ಎ ಡೌಟ್' ಎಂದರೆ ನಿಮ್ಮ ಮಾತಿನ ಮೇಲೆ ನನಗೆ ನಂಬಿಕೆ ಇಲ್ಲ ಎಂಬ ಹಾಗೆ ಕೇಳಿಸಬಹುದು, 'ಐ ಹ್ಯಾವ್ ಎ ಕ್ವೆಶ್ಚನ್' ಎನ್ನಿ. ಇನ್ನು ನೀಡ್‌ಫುಲ್‌ನ ನಿಜವಾದ ತೊಂದರೆ ಅದು ಹಳೇದು ಎನ್ನುವುದಲ್ಲ, ಏನು ಮಾಡಬೇಕು ಎಂದು ಅದು ಹೇಳುವುದಿಲ್ಲ. ನಾನು ಅವತ್ತು ಆ ಪದದ ಹಿಂದೆ ನನ್ನ ಪ್ರಶ್ನೆಯನ್ನು ಬಚ್ಚಿಟ್ಟಿದ್ದೆ.

ಪದಕ್ಕಿಂತ ಜಾಸ್ತಿ ನಷ್ಟ ಮಾಡುವುದು ಅಂಕಿಗಳು. 05/04 ಎಂದರೆ ನಮಗೂ ಜರ್ಮನಿಗೂ ಏಪ್ರಿಲ್ 5, ಅಮೆರಿಕದವರಿಗೆ ಮೇ 4. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ. ಜರ್ಮನಿಯಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ, ಅವರ ಡ್ರಾಯಿಂಗ್‌ನಲ್ಲಿ 8,5 ಎಂದಿದ್ದರೆ ಅದು ಎಂಟೂವರೆ. ಅವರು 1.500 ಎಂದು ಬರೆದರೆ ಸಾವಿರದೈನೂರು ಆಗಿರಬಹುದು, ನಾವು ಅದನ್ನು ಒಂದೂವರೆ ಎಂದು ಓದುತ್ತೇವೆ. ಲಕ್ಷ, ಕೋಟಿ ಬೇಡ. 'ಟುಡೇ ಈವ್ನಿಂಗ್' ಯಾರ ಸಂಜೆ? ಜರ್ಮನಿ ನಮಗಿಂತ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ. ಕ್ಯಾಲಿಫೋರ್ನಿಯಾ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಗಂಟೆ ಬರೆದು ಯಾವ ಊರಿನ ಗಂಟೆ ಎಂದೂ ಬರೆದುಬಿಡಿ.

ಕೆಟ್ಟ ಸುದ್ದಿ ಹೇಳುವ ಮೇಲ್ ಎಲ್ಲಕ್ಕಿಂತ ಕಷ್ಟ. ಮಾಲು ತಡವಾಗುತ್ತದೆ ಎಂದು ಗೊತ್ತಿದ್ದೂ ನಾವು 'ವಿ ಆರ್ ಟ್ರೈಯಿಂಗ್ ಅವರ್ ಲೆವೆಲ್ ಬೆಸ್ಟ್' ಎಂದು ಬರೆಯುತ್ತೇವೆ. ನಮ್ಮ ನಮ್ಮಲ್ಲಿ 'ನೋಡೋಣ, ಪ್ರಯತ್ನ ಮಾಡ್ತೀವಿ' ಎಂದರೆ ಆಗಲಿಕ್ಕಿಲ್ಲ ಎಂದು ಎದುರಿನವರಿಗೆ ದನಿಯಲ್ಲೇ ತಿಳಿಯುತ್ತದೆ. ಮೇಲ್‌ಗೆ ದನಿ ಇಲ್ಲ. ಅವರು ಅದನ್ನು ಆಗುತ್ತದೆ ಎಂದೇ ಓದುತ್ತಾರೆ, ಅದನ್ನು ನಂಬಿ ಅಲ್ಲಿ ಜನ ಇಟ್ಟುಕೊಂಡು ಪ್ರೊಡಕ್ಷನ್ ಲೈನ್ ಸಿದ್ಧ ಮಾಡಿಕೊಂಡಿರುತ್ತಾರೆ. ಹಾಗಾಗಿ ಮೊದಲ ಸಾಲಿನಲ್ಲೇ ಹೇಳಿ: 500 ಪೀಸ್‌ನಲ್ಲಿ 300 ಮಾತ್ರ ಜೂನ್ 12ಕ್ಕೆ ಹೊರಡುತ್ತದೆ, ಉಳಿದ 200 ಜೂನ್ 19ಕ್ಕೆ. ಎರಡನೇ ಸಾಲಿನಲ್ಲಿ ಕಾರಣ, ಒಂದೇ ಸಾಲು, ಪ್ಲೇಟಿಂಗ್‌ನಿಂದ (ಲೋಹದ ಲೇಪನಕ್ಕೆ ಕಳಿಸಿದಲ್ಲಿಂದ) ಮಾಲು ವಾಪಸ್ ಬಂತು ಅಂತ. ಮೂರನೇ ಸಾಲಿನಲ್ಲಿ ಪ್ರಶ್ನೆ: ಇದು ಆಗುತ್ತದೆಯಾ, ಇಲ್ಲ ಉಳಿದ 200 ಅನ್ನು ವಿಮಾನದಲ್ಲಿ ಕಳಿಸಬೇಕಾ? ಒಂದು ಸಲ ಸಾರಿ ಹೇಳಿದರೆ ಸಾಕು. ಹೀಗೆ ಬರೆಯುವಾಗ ಕೈ ನಡುಗುತ್ತದೆ, ನನಗೆ ಈಗಲೂ ಸ್ವಲ್ಪ ನಡುಗುತ್ತದೆ. ಆದರೆ ಹದಿನೈದು ದಿನ ಮೊದಲೇ ನೇರವಾಗಿ ಹೇಳಿದ್ದಕ್ಕೆ ಇಷ್ಟು ವರ್ಷದಲ್ಲಿ ಒಬ್ಬ ಕಸ್ಟಮರೂ ನಮ್ಮನ್ನು ಬಿಟ್ಟು ಹೋಗಿಲ್ಲ.

ಕಲಿಯುವುದು ಹೇಗೆ ಎಂದರೆ, ನಿಮ್ಮ ಇನ್‌ಬಾಕ್ಸೇ ಪಾಠದ ಪುಸ್ತಕ. ಕಸ್ಟಮರ್‌ನಿಂದ ಬಂದ ಮೇಲ್‌ನಲ್ಲಿ ಒಂದು ಸಾಲು ಥಟ್ಟನೆ ಅರ್ಥವಾಯಿತು, ಓದಿ ಹಿತವೂ ಆಯಿತು ಎಂದಾದರೆ ಅದನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ. ನಾನು ಹಾಗೆ ಮಾಡಿದೆ. ಪೇಮೆಂಟ್ ಕೇಳುವುದಕ್ಕೆ ಒಂದು ಪುಟ, ಬೆಲೆ ಇಳಿಸಲು ಆಗುವುದಿಲ್ಲ ಎನ್ನುವುದಕ್ಕೆ ಒಂದು ಪುಟ, ನೆನಪು ಮಾಡುವುದಕ್ಕೆ ಒಂದು ಪುಟ. ನೂರು ಸಾಲು ಆಗುವಷ್ಟರಲ್ಲಿ ನೋಟ್‌ಬುಕ್ ತೆರೆಯುವುದೇ ನಿಂತುಹೋಯಿತು, ಸಾಲುಗಳು ತಾವಾಗಿ ಬರತೊಡಗಿದವು.

ಚಾಟ್‌ಜಿಪಿಟಿ ಬಳಸಬಹುದಾ ಎಂದು ನೀವು ಕೇಳಿಲ್ಲ, ಆದರೆ ಬಳಸುತ್ತೀರಿ ಎಂದು ಗೊತ್ತು. ಬಳಸಿ, ಆದರೆ ನೀವು ಬರೆದ ಮೇಲೆ ತಿದ್ದಿಸಲು ಬಳಸಿ. ಮೊದಲಿಂದ ಅದರ ಕೈಯಲ್ಲೇ ಬರೆಸಿದರೆ ಮೂರು ಸಾಲಿನ ಪ್ರಶ್ನೆ ಮೂರು ಪ್ಯಾರಾ ಆಗಿ, ನಾನು ಅವತ್ತು ಬರೆದ ಹದಿನಾಲ್ಕು ಸಾಲಿನ ಹಾಗೇ ಆಗುತ್ತದೆ, ಭಾಷೆ ಮಾತ್ರ ಹೊಳೆಯುತ್ತಿರುತ್ತದೆ. ತಿದ್ದಿಸಿದ ಮೇಲೆ ಅಂಕಿ, ದಿನಾಂಕ ಮತ್ತೆ ಒಂದೊಂದಾಗಿ ನೋಡಿ. ಕಸ್ಟಮರ್‌ನ ಡ್ರಾಯಿಂಗ್, ಬೆಲೆ ಅದರಲ್ಲಿ ಹಾಕಬೇಡಿ, ಅದು ನಮ್ಮ ಸ್ವತ್ತಲ್ಲ.

ಕಳಿಸುವ ಮುಂಚಿನ ಭಯಕ್ಕೆ ಎರಡು ಸಣ್ಣ ಉಪಾಯ. ವಿಳಾಸವನ್ನು ಎಲ್ಲಕ್ಕಿಂತ ಕೊನೆಗೆ ತುಂಬಿಸಿ, ಅರ್ಧ ಬರೆದದ್ದು ಕೈತಪ್ಪಿ ಹೋಗುವುದಿಲ್ಲ. ಜಿಮೇಲ್‌ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಅನ್‌ಡೂ ಸೆಂಡ್ ಎನ್ನುವುದನ್ನು 30 ಸೆಕೆಂಡ್‌ಗೆ ಇಡಿ, ಅಟ್ಯಾಚ್‌ಮೆಂಟ್ ಮರೆತದ್ದು ಯಾವಾಗಲೂ ಆ ಮೂವತ್ತು ಸೆಕೆಂಡಿನಲ್ಲೇ ನೆನಪಾಗುತ್ತದೆ.

ಗ್ರಾಮರ್ ಕೋರ್ಸ್ ಆರು ತಿಂಗಳು ಬಿಟ್ಟು ನೋಡಿ. 'ಎ' ಎಲ್ಲಿ, 'ದಿ' ಎಲ್ಲಿ ಎಂಬ ಗೊಂದಲ ನನಗೆ ಇನ್ನೂ ಇದೆ, ಕನ್ನಡದಲ್ಲಿ ಅವು ಇಲ್ಲವೇ ಇಲ್ಲ. ಜರ್ಮನಿಯವರಿಗೂ ಇಟಲಿಯವರಿಗೂ ಇಂಗ್ಲಿಷ್ ತಾಯಿಭಾಷೆಯಲ್ಲ, ಅವರ ಮೇಲ್‌ನಲ್ಲೂ ತಪ್ಪು ಇರುತ್ತದೆ, ನೀವು ಗಮನಿಸಿಲ್ಲ ಅಷ್ಟೇ. ನಾಳೆ ಬೆಳಿಗ್ಗೆ ಹೋದ ತಕ್ಷಣ ಒಂದು ಕೆಲಸ ಮಾಡಿ. ಉತ್ತರ ಬಾರದ ನಿಮ್ಮ ಹಳೇ ಮೇಲ್ ಒಂದನ್ನು ತೆರೆಯಿರಿ, ಕೊನೆಯ ಸಾಲನ್ನು ಕತ್ತರಿಸಿ ಮೇಲೆ ಅಂಟಿಸಿ, ಅದನ್ನು 'ಕುಡ್ ಯು' ಎಂದು ಪ್ರಶ್ನೆ ಮಾಡಿ, ಒಂದು ದಿನಾಂಕ ಹಾಕಿ, ಅದೇ ಮೇಲ್‌ಗೆ ರಿಪ್ಲೈ ಆಗಿ ಮತ್ತೆ ಕಳಿಸಿ.