ಜೆಸಿಬಿ ಬರುವ ಮುಂಚೆ ಪುರಸಭೆ ಏನು ಮಾಡಬಹುದು?

ಪ್ರಶ್ನೆ: ಸರ್, ನಮ್ಮೂರಲ್ಲಿ ಹಳೇ ಹಂಚಿನ ಮನೆಗಳು ಒಂದೊಂದಾಗಿ ಹೋಗುತ್ತಿವೆ. ಬೆಳಗ್ಗೆ ಜೆಸಿಬಿ ಬರುತ್ತದೆ, ಸಂಜೆಗೆ ಖಾಲಿ ಸೈಟು. ಡೆಬ್ರಿ ರಾತ್ರೋರಾತ್ರಿ ಕೆರೆ ದಂಡೆ ಸೇರುತ್ತದೆ. ದಂಡ ಹಾಕಿ ಸಾಕಾಗಿದೆ. ನಮ್ಮಂಥ ಸಣ್ಣ ಪುರಸಭೆ ಇನ್ನೇನು ಮಾಡಬಹುದು?
– ವಾರ್ಡ್ ಸದಸ್ಯೆ, ಮಲೆನಾಡಿನ ಒಂದು ಊರು

ಉತ್ತರ: ಮೇಡಂ, ದಂಡ ಹಾಕೋದು ಮನೆ ಬಿದ್ದ ಮೇಲೆ. ಅಷ್ಟೊತ್ತಿಗೆ ಉಳಿಸಿಕೊಳ್ಳುವಂಥದ್ದೆಲ್ಲ ಪುಡಿಯಾಗಿರುತ್ತದೆ. ನೀವು ಕೈ ಹಾಕಬೇಕಾದ್ದು ಕೆಡವಲು ಪರವಾನಗಿ ಕೊಡುವಾಗ.

ನಿಮ್ಮೂರಿನ ಯಾವುದಾದರೂ ಹಳೇ ಗೋಡೆ ಹತ್ತಿರ ನಿಂತು ನೋಡಿ. ಸುಣ್ಣದ ಗಾರೆಯಲ್ಲಿ ಕಟ್ಟಿದ್ದಾದರೆ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೂ ಇಟ್ಟಿಗೆ ಇಡಿಯಾಗಿ ಬಿಟ್ಟುಕೊಳ್ಳುತ್ತದೆ. ಗಾರೆ ಇಟ್ಟಿಗೆಗಿಂತ ಮೆದು, ಹಾಗಾಗಿ ಒಡೆಯುವುದು ಗಾರೆ. ಸಿಮೆಂಟ್ ಗೋಡೆಯಲ್ಲಿ ಉಲ್ಟಾ, ಇಟ್ಟಿಗೆಯೇ ಚೂರಾಗುತ್ತದೆ. ಅಂದರೆ ಈಗ ನಿಮ್ಮಲ್ಲಿ ಬೀಳುತ್ತಿರುವ ಮನೆಗಳೇ ಮತ್ತೆ ಬಳಸಲು ಹೇಳಿ ಮಾಡಿಸಿದಂಥವು. ಮಂಗಳೂರು ಹಂಚನ್ನೇ ತಗೊಳ್ಳಿ. ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ರೀಪಿನ ಮೇಲೆ ಒಂದಕ್ಕೊಂದು ಸಿಕ್ಕಿಸಿಟ್ಟ ಹಂಚನ್ನು ಬರಿಗೈಯಲ್ಲೇ ಎತ್ತಿ ಇಳಿಸಬಹುದು. ಹಲಸಿನ ತೊಲೆ, ಮುಂಡಿಗೆ, ಬಾಗಿಲುವಾಡ ಜೆಸಿಬಿ ಬಕೆಟ್ಟಿಗೆ ಸಿಕ್ಕಿ ಸಿಗಿದು ಹೋಗುವುದನ್ನು ನೋಡಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರ 2016ರಲ್ಲಿ ಒಂದು ಕಾನೂನು ತಂದಿತು. 1916 ಅಥವಾ ಅದಕ್ಕೂ ಮುಂಚೆ ಕಟ್ಟಿದ ಮನೆಯನ್ನು ಯಂತ್ರದಿಂದ ಉರುಳಿಸುವಂತಿಲ್ಲ. ನಗರಾಡಳಿತ ಒಪ್ಪಿದ ಗುತ್ತಿಗೆದಾರರಿಂದ ಒಂದೊಂದೇ ಭಾಗ ಬಿಚ್ಚಿಸಬೇಕು. 2020ರಲ್ಲಿ ಇದನ್ನು 1940ರವರೆಗಿನ ಮನೆಗಳಿಗೂ ವಿಸ್ತರಿಸಿದರು. ಮೊದಲು ಸ್ವಲ್ಪ ಮನೆ, ಆಮೇಲೆ ಜಾಸ್ತಿ. ಬಿಚ್ಚುವ ಕೆಲಸ ಬಲ್ಲವರು ತಯಾರಾಗಬೇಕಲ್ವಾ, ನೀವೂ ಹಾಗೇ ಶುರು ಮಾಡಿ.

ಅರ್ಜಿಯಲ್ಲೇ ಹಂಚು, ಮರ, ಕಲ್ಲು ಎಷ್ಟಿದೆ, ಎಲ್ಲಿಗೆ ಹೋಗುತ್ತದೆ ಎಂದು ಬರೆಸಿ. ಠೇವಣಿ ಇಡಿಸಿಕೊಳ್ಳಿ. ಮಾರಿದ ರಸೀದಿ, ಫೋಟೋ ತಂದವರಿಗೆ ಹಣ ವಾಪಸ್. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಇಂಥ ಠೇವಣಿ ಪದ್ಧತಿ ಇದೆ. ಇದಕ್ಕೆ ಬೈಲಾ, ಅಂದರೆ ಪುರಸಭೆಯದ್ದೇ ಒಂದು ನಿಯಮ, ಬೇಕಾಗುತ್ತದೆ. ಮುಖ್ಯಾಧಿಕಾರಿಗಳ ಜೊತೆ ಮಾತಾಡಿ ಸಾಮಾನ್ಯ ಸಭೆಗೆ ತನ್ನಿ.

ಬೈಲಾ ಆಗುವವರೆಗೆ ಕಾಯುತ್ತಾ ಸುಮ್ನೆ ಕೂರಬೇಕಿಲ್ಲ. ಪುರಸಭೆಯದ್ದೇ ಹಳೇ ಕಟ್ಟಡ ಹರಾಜು ಹಾಕುವಾಗ ತೆರವಿಗೆ ಜಾಸ್ತಿ ದಿನ ಕೊಡಿ. ನಾನು ಇಂಜಿನಿಯರ್ ಆಗಿದ್ದಾಗ ಮತ್ತೆ ಮತ್ತೆ ಕಂಡದ್ದು ಇದೇ: ಬೇಗ ಖಾಲಿ ಮಾಡಿ ಅನ್ನೋ ಷರತ್ತೇ ಜೆಸಿಬಿ ಕರೆಸುತ್ತದೆ. ಬಿಚ್ಚುವವನಿಗೆ ಮುಖ್ಯವಾಗಿ ಬೇಕಾದ್ದು ಟೈಮು.

ಕಾಂಕ್ರೀಟ್ ಚೂರಿನ ಕಥೆ ಬೇರೆ. ಅದನ್ನು ಯಂತ್ರದಲ್ಲಿ ಪುಡಿ ಮಾಡಿ ಜಲ್ಲಿ ಮಾಡಬೇಕು. ಆ ಖರ್ಚು ಒಂದು ಸಣ್ಣ ಊರಿಗೆ ಕಷ್ಟ, ಅಕ್ಕಪಕ್ಕದ ಊರುಗಳ ಜೊತೆ ಸೇರಿ ಮಾಡಿ. ಬಳಸಲು ಹೆದರಿಕೆ ಬೇಡ. ಕಾಂಕ್ರೀಟಿಗೆ ಹಾಕುವ ಜಲ್ಲಿ, ಮರಳು ಹೇಗಿರಬೇಕು ಅನ್ನೋ ಭಾರತೀಯ ಮಾನದಂಡ, 2016ರ ಐಎಸ್ 383 ಪ್ರಕಾರ ಕಂಬಿ ಹಾಕದ ಕಾಂಕ್ರೀಟಿನ ಜಲ್ಲಿಯಲ್ಲಿ 25%ವರೆಗೆ ಇದು ಇರಬಹುದು. ಸರ್ಕಾರಿ ಗುತ್ತಿಗೆಗಳಲ್ಲಿ ಡೆಬ್ರಿಯಿಂದ ಮಾಡಿದ ಸಾಮಾನು 10–20% ಕಡ್ಡಾಯ ಮಾಡಬೇಕೆಂದು ಅದೇ ವರ್ಷದ ಕೇಂದ್ರದ ಕಟ್ಟಡ ತ್ಯಾಜ್ಯ ನಿಯಮಗಳೂ ಹೇಳಿದ್ದವು. ಮುಂದಿನ ಫುಟ್‌ಪಾತ್ ಕಾಮಗಾರಿಯ ಎಸ್ಟಿಮೇಟ್ ನಿಮ್ಮ ಮುಂದೆ ಬಂದಾಗ, ಆ ಸಾಲು ಎಲ್ಲಿದೆ ಅಂತ ಕೇಳಿ. ಸದಸ್ಯರು ಕೇಳದೆ ಯಾವ ಇಂಜಿನಿಯರೂ ಅದನ್ನು ತಾನಾಗಿ ಸೇರಿಸುವುದು ಕಷ್ಟ.