ಜನವರಿ ಗಣತಿಗೆ ಮುನ್ನ: ಹಕ್ಕಿ ಬಳಗಗಳ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಊರ ಕೆರೆಯನ್ನು ನೆಚ್ಚಿಕೊಂಡು ಕಟ್ಟಿದ ಸಣ್ಣ ಬಳಗಗಳವು. 1987ರಲ್ಲಿ ಶುರುವಾದ ಏಷ್ಯಾ ನೀರುಹಕ್ಕಿ ಗಣತಿ ಪ್ರತಿ ಜನವರಿಯಲ್ಲಿ ನಡೆಯುವುದರಿಂದ ಎಣಿಕೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಂಡಿದ್ದೇವೆ.

ಗಣತಿಗೆ ಮೊದಲ ಸಲ ಹೆಸರು ಕೊಟ್ಟಿದ್ದೇವೆ. ಕೆರೆಯ ನಡುವೆ ಬಾತುಗಳ ದೊಡ್ಡ ಹಿಂಡು ಕೂತಿರುತ್ತದೆ. ಅಭ್ಯಾಸಕ್ಕೆಂದು ಎಣಿಸಿದಾಗ ಒಬ್ಬರು 400 ಅಂದರು, ಇನ್ನೊಬ್ಬರು 1,500 ಅಂದರು. ಯಾವುದನ್ನು ನಂಬುವುದು?
– ಓದುಗರು, ಚನ್ನರಾಯಪಟ್ಟಣ

ಎರಡನ್ನೂ ನಂಬಬೇಡಿ, ಎರಡರ ಸರಾಸರಿಯನ್ನಂತೂ ಬರೆಯಲೇಬೇಡಿ. ದೊಡ್ಡ ಹಿಂಡನ್ನು ಒಂದೇ ನೋಟದಲ್ಲಿ ಅಂದಾಜು ಮಾಡಲು ಹೋದರೆ ಹೀಗೇ ಆಗುತ್ತದೆ, ಅದರಲ್ಲೂ ಹೊಸಬರು ಸಾಮಾನ್ಯವಾಗಿ ಕಡಿಮೆ ಹೇಳುತ್ತಾರೆ. ಹಿಂಡಿನ ಒಂದು ಕಡೆ ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಅವು ಬೈನಾಕ್ಯುಲರಿನೊಳಗೆ ಎಷ್ಟು ಜಾಗ ಹಿಡಿದಿವೆ ಎಂದು ಗುರುತು ಹಾಕಿಕೊಳ್ಳಿ. ಅಷ್ಟೇ ಅಗಲದ ತುಂಡುಗಳನ್ನು ಎಡದಿಂದ ಬಲಕ್ಕೆ ಸರಿಸುತ್ತ ಹತ್ತು, ಇಪ್ಪತ್ತು, ಮೂವತ್ತು ಎಂದು ಹೋಗಿ. ಹಿಂಡು 500 ದಾಟುವಂತೆ ಕಂಡರೆ 50ರ ತುಂಡು ಮಾಡಿಕೊಳ್ಳಿ. ಇಲ್ಲೊಂದು ತಪ್ಪು ಪದೇಪದೇ ಆಗುತ್ತದೆ. ಹಿಂಡಿನ ಅಂಚಿನಲ್ಲಿ ಹಕ್ಕಿಗಳು ವಿರಳ, ನಡುವೆ ದಟ್ಟ. ಅಂಚಿನಲ್ಲಿ ಅಳೆದ ತುಂಡನ್ನೇ ನಡುವಿಗೂ ಬಳಸಿದರೆ ಅರ್ಧದಷ್ಟು ಹಕ್ಕಿ ಲೆಕ್ಕದಿಂದ ಬಿದ್ದುಹೋಗಬಹುದು. ಆದ್ದರಿಂದ ನಡುವೆ ಬಂದಾಗ ತುಂಡನ್ನು ಮತ್ತೆ ಅಳೆದುಕೊಳ್ಳಿ. ನೀರಿನಂಚಿಗೆ ಇಳಿಯದೆ ಏರಿಯ ಮೇಲೆಯೇ ನಿಂತರೆ ಹಿಂದಿನ ಸಾಲುಗಳು ಮುಂದಿನ ಸಾಲಿನ ಮರೆಗೆ ಬೀಳುವುದಿಲ್ಲ.

ಹಿಂಡಿನಲ್ಲಿ ಸೂಜಿಬಾಲದ ಬಾತು, ವರಟೆ, ನಾಮದ ಕೋಳಿ ಬೆರೆತಿದ್ದರೆ ಮೊದಲು ಒಟ್ಟು ಲೆಕ್ಕ ಮುಗಿಸಿ. ಆಮೇಲೆ ಹಿಂಡಿನ ಮೂರು ಬೇರೆಬೇರೆ ಕಡೆ ನೂರುನೂರು ಹಕ್ಕಿ ನೋಡಿ, ಯಾವುದು ಎಷ್ಟು ಎಂದು ವಿಂಗಡಿಸಿ, ಅದೇ ಪ್ರಮಾಣದಲ್ಲಿ ಒಟ್ಟನ್ನು ಹಂಚಿ. ಗುರುತು ಸಿಗದ ಕಂದು ಹೆಣ್ಣುಬಾತುಗಳನ್ನು ಒತ್ತಾಯದಿಂದ ಯಾವುದಾದರೂ ಹೆಸರಿಗೆ ಸೇರಿಸಬೇಡಿ. ‘ಗುರುತಿಸದ ಬಾತು, 60’ ಎಂದು ಬರೆದರೆ ಅದು ಪೂರ್ಣ ಮರ್ಯಾದೆಯ ದಾಖಲೆಯೇ. ಗುಳುಮುಳುಕಗಳು ಮುಳುಗೇಳುವುದರಿಂದ ಅದೇ ಜಾಗವನ್ನು ಕೆಲವು ನಿಮಿಷ ಬಿಟ್ಟುಬಿಟ್ಟು ಮೂರು ಸಲ ಎಣಿಸಿ, ಅತಿ ಹೆಚ್ಚು ಬಂದ ಸಂಖ್ಯೆ ಇಟ್ಟುಕೊಳ್ಳಿ.

ಕೆರೆ ದೊಡ್ಡದಿದ್ದರೆ ತೂಬು, ಕೋಡಿ, ದೇವಸ್ಥಾನ, ಒಂಟಿ ಬೇವಿನ ಮರ ಹೀಗೆ ಎಲ್ಲರಿಗೂ ಕಾಣುವ ಗುರುತುಗಳಿಂದ ಭಾಗ ಮಾಡಿ. ಪ್ರತಿ ಭಾಗಕ್ಕೆ ಒಬ್ಬರು ನೋಡುವವರು, ಒಬ್ಬರು ಬರೆಯುವವರು. ನೋಡುವವರು ಪುಸ್ತಕದತ್ತ ಕಣ್ಣು ತಿರುಗಿಸಿದರೆ ತುಂಡು ಕೈತಪ್ಪುತ್ತದೆ. ಎಲ್ಲ ತಂಡಗಳೂ ಒಂದೇ ಹೊತ್ತಿಗೆ ಶುರುಮಾಡಬೇಕು. ಗಿಡುಗ ಬಂದು ಹಿಂಡು ಎದ್ದರೆ ಸಮಯ ಮತ್ತು ಹಾರಿದ ದಿಕ್ಕು ಬರೆದುಕೊಳ್ಳಿ. ಕೊನೆಗೆ ಎಲ್ಲರೂ ಕೂತು ತಾಳೆ ನೋಡುವಾಗ ಎರಡೆರಡು ಸಲ ಎಣಿಸಿದ್ದು ಸಿಕ್ಕಿಬೀಳುವುದು ಇದರಿಂದಲೇ. ಬೆಳಗಿನ ಹೊತ್ತು ಪೂರ್ವದ ದಡದಲ್ಲಿ, ಬಿಸಿಲು ಬೆನ್ನಿಗಿರುವಂತೆ ನಿಲ್ಲಿ. ಎದುರು ಬಿಸಿಲಿನಲ್ಲಿ ಎಲ್ಲ ಬಾತುಗಳೂ ಕರಿ ಬೊಟ್ಟುಗಳೇ.

ಗಣತಿಯ ಹಿಂದಿನ ವಾರ ಮನೆಯಲ್ಲೇ ಒಂದು ಅಭ್ಯಾಸ ಮಾಡಿ. ತಟ್ಟೆಗೆ ಒಂದು ಹಿಡಿ ಹೆಸರುಕಾಳು ಚೆಲ್ಲಿ, ಹತ್ತು ಸೆಕೆಂಡು ನೋಡಿ ಅಂದಾಜು ಬರೆಯಿರಿ, ಆಮೇಲೆ ಎಣಿಸಿ. ಇಪ್ಪತ್ತು ಸಲ ಮಾಡುವಷ್ಟರಲ್ಲಿ ನಿಮ್ಮ ಅಂದಾಜು ಯಾವ ಕಡೆಗೆ ವಾಲುತ್ತದೆ ಎಂದು ನಿಮಗೇ ತಿಳಿಯುತ್ತದೆ.

ಬಳಗದ ಹಿರಿಯರೊಬ್ಬರು ಕಾಗೆ, ಗೊರವಂಕ, ಪಾರಿವಾಳಗಳನ್ನು ಪಟ್ಟಿಗೆ ಸೇರಿಸುವುದು ಬೇಡ ಎನ್ನುತ್ತಾರೆ. ಸರಿಯೇ?
– ಓದುಗರು, ಸಾಗರ

ಅವರ ಅನುಭವಕ್ಕೆ ಗೌರವ ಇಟ್ಟುಕೊಂಡೇ ಹೇಳುತ್ತೇವೆ: ಸರಿಯಲ್ಲ. ಹಕ್ಕಿ ಪಟ್ಟಿಗಳನ್ನು ದಾಖಲಿಸುವ ಜಾಲತಾಣವಾದ ಇ-ಬರ್ಡ್‌ನಲ್ಲಿ ಪಟ್ಟಿ ಸಲ್ಲಿಸುವಾಗ ‘ಗುರುತಿಸಿದ ಎಲ್ಲ ಹಕ್ಕಿಗಳನ್ನೂ ದಾಖಲಿಸಿದ್ದೀರಾ’ ಎಂಬ ಪ್ರಶ್ನೆ ಬರುತ್ತದೆ. ‘ಹೌದು’ ಎಂದಮೇಲೆ ಪಟ್ಟಿಯಲ್ಲಿ ಇಲ್ಲದ ಹಕ್ಕಿ ಅಲ್ಲಿ ನಿಮಗೆ ಕಾಣಲಿಲ್ಲ, ಕೇಳಲಿಲ್ಲ ಎಂದೇ ಅರ್ಥ. ಕಾಗೆ ಬಿಟ್ಟು ‘ಹೌದು’ ಎಂದರೆ ಸಾಗರದಲ್ಲಿ ಆ ಹೊತ್ತು ಕಾಗೆ ಕಾಣಲಿಲ್ಲ ಎಂದು ಬರೆದಂತಾಯಿತು.

ಸಾಮಾನ್ಯ ಹಕ್ಕಿಯ ಏರಿಳಿತ ಗೊತ್ತಾಗುವುದು ಇಂಥ ಪೂರ್ಣ ಪಟ್ಟಿಗಳಿಂದ. ಇವುಗಳ ಆಧಾರದ ಮೇಲೆಯೇ ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತ 2020ರ ವರದಿ, ಗುಬ್ಬಚ್ಚಿ ಮಹಾನಗರಗಳಲ್ಲಿ ಕಡಿಮೆಯಾಗಿದ್ದರೂ ದೇಶದ ಒಟ್ಟು ಲೆಕ್ಕದಲ್ಲಿ ಹೆಚ್ಚೂಕಡಿಮೆ ಸ್ಥಿರವಾಗಿದೆ ಎಂದು ತೋರಿಸಿತು. 2023ರ ವರದಿಯಲ್ಲಿ ಶೇ. 30 ಅಥವಾ ಅದಕ್ಕೂ ಹೆಚ್ಚು ಕುಸಿದಿರುವುದರಿಂದ ಅಳಿವಿನ ಅಪಾಯದ ಮರುಪರಿಶೀಲನೆ ಬೇಕೆಂದು ಸೂಚಿಸಿದ 14 ಪ್ರಭೇದಗಳಲ್ಲಿ ನಮ್ಮ ರಾಜ್ಯಪಕ್ಷಿ ನೀಲಕಂಠವೂ ಇದೆ. ತಂತಿಯ ಮೇಲೆ ಕೂತ ನೀಲಕಂಠವನ್ನು ‘ಇದು ಯಾವಾಗಲೂ ಇರುವುದೇ’ ಎಂದು ಎಲ್ಲರೂ ಬಿಟ್ಟಿದ್ದರೆ ಈ ಕುಸಿತ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಪಟ್ಟಿ ಕನಿಷ್ಠ 15 ನಿಮಿಷದ್ದಾಗಿರಲಿ. ಮೂರು ಗಂಟೆ ನಡೆದರೆ ಒಂದೇ ಉದ್ದ ಪಟ್ಟಿ ಬೇಡ; ತೋಟ, ಗದ್ದೆ, ಕೆರೆ ಎಂದು ಜಾಗ ಬದಲಾದಾಗ ಹೊಸ ಪಟ್ಟಿ ತೆರೆಯಿರಿ. ಸಂಖ್ಯೆಯ ಬದಲು ‘ಎಕ್ಸ್’ ಹಾಕುವ ಅಭ್ಯಾಸವನ್ನೂ ಬಿಡಿ. ಅಂದಾಜಿನ 30 ಕೂಡ ‘ಇತ್ತು’ ಎನ್ನುವುದಕ್ಕಿಂತ ಹೆಚ್ಚು ಹೇಳುತ್ತದೆ.

ಹತ್ತು ಜನರ ಬಳಗಕ್ಕೆ ಎರಡು ಬೈನಾಕ್ಯುಲರ್ ಕೊಳ್ಳಬೇಕು. ಯಾವುದು?
– ಓದುಗರು, ಗದಗ

8×42. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ವ್ಯಾಸ, ಮಿಲಿಮೀಟರಿನಲ್ಲಿ. 10×50 ಭಾರ, ಹೊಸಬರ ಕೈಯಲ್ಲಿ ನಡುಗುತ್ತದೆ. ಜೂಮ್ ಇರುವುದನ್ನು ಕೊಳ್ಳಲೇಬೇಡಿ: ಜೂಮ್ ಹೆಚ್ಚಿಸಿದಷ್ಟೂ ಚಿತ್ರ ಮಬ್ಬಾಗುತ್ತದೆ, ನೋಟ ಕಿರಿದಾಗುತ್ತದೆ.

‘ಮಂಜು ಮಂಜಾಗಿ ಕಾಣುತ್ತದೆ’ ಎಂಬ ದೂರು ಬಂದರೆ ಬಹಳ ಸಲ ದೋಷ ಗಾಜಿನದಲ್ಲ. ಕೈಯಿಂದ ಕೈಗೆ ಹೋಗುವ ಬೈನಾಕ್ಯುಲರನ್ನು ಪ್ರತಿಯೊಬ್ಬರೂ ಹೊಂದಿಸಿಕೊಳ್ಳಬೇಕು. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿ. ಆಮೇಲೆ ಎಡಗಣ್ಣು ಮುಚ್ಚಿ, ಬಲ ಕೊಳವೆಯ ಉಂಗುರವನ್ನು ಮಾತ್ರ ತಿರುಗಿಸಿ. ಕನ್ನಡಕದವರು ಕಣ್ಣಿನ ರಬ್ಬರ್ ಬಟ್ಟಲನ್ನು ಒಳಕ್ಕೆ ಇಳಿಸಿಕೊಳ್ಳಲಿ. ಗಾಜಿನ ದೂಳನ್ನು ಮೊದಲು ಊದಿ ಹಾರಿಸಿ. ಅಂಗಿಯ ತುದಿಯಿಂದ ಒರೆಸಿದರೆ ಮರಳಿನ ಕಣ ಗೀರು ಹಾಕುತ್ತದೆ.

ನಮ್ಮೂರ ಕೆರೆಯ ‘ಅಭಿವೃದ್ಧಿ’ ಶುರುವಾಗಲಿದೆ. ಇಡೀ ಕೆರೆ ಆಳ ಮಾಡಿ, ಸುತ್ತ ಕಲ್ಲು ಕಟ್ಟಿ, ನಡಿಗೆ ಪಥ ಮಾಡುತ್ತಾರಂತೆ. ಐದು ವರ್ಷದ ನಮ್ಮ ಹಕ್ಕಿ ಪಟ್ಟಿಗಳಿವೆ. ಅವುಗಳಿಂದ ಏನಾದರೂ ಮಾಡಬಹುದೇ?
– ಓದುಗರು, ತಿಪಟೂರು

ಮಾಡಬಹುದು, ಆದರೆ ಟೆಂಡರ್ ಆಗುವ ಮೊದಲೇ. ನಮ್ಮ ಕೆರೆಗಳು ಏರಿಯ ಬಳಿ ಆಳ, ಎದುರು ದಡದಲ್ಲಿ ನೀರು ಒಳಬರುವ ಕಡೆ ಆಳವಿಲ್ಲದ ಬಯಲು. ಹಕ್ಕಿಗಳ ಊಟದ ಜಾಗ ಆ ಬಯಲೇ. ಸಣ್ಣ ಗದ್ದೆಗೊರವಕ್ಕೆ ಬೇಕಾದ್ದು ನಾಲ್ಕೈದು ಸೆಂಟಿಮೀಟರ್ ನೀರು ಅಥವಾ ಬರೀ ಕೆಸರು. ಮೆಟ್ಟುಗಾಲು ಹಕ್ಕಿ 15 ಸೆಂ.ಮೀ.ವರೆಗೆ ಇಳಿಯುತ್ತದೆ. ತಲೆ ಕೆಳಗೆ ಮಾಡಿ ಮೇಯುವ ಬಾತುಗಳಿಗೆ ಒಂದಡಿ ನೀರು ಸಾಕು. ಇಡೀ ಕೆರೆಯನ್ನು ಬಟ್ಟಲಿನಂತೆ ತೋಡಿ ದಡವನ್ನು ನೆಟ್ಟಗೆ ಕಲ್ಲಿನಿಂದ ಕಟ್ಟಿದರೆ ಉಳಿಯುವುದು ನೀರುಕಾಗೆ, ಗುಳುಮುಳುಕಗಳಂತೆ ಮುಳುಗಿ ಬೇಟೆಯಾಡುವವು ಮಾತ್ರ. ಕೆರೆ ತುಂಬಿ ತುಳುಕುತ್ತಿದ್ದರೂ ಹಕ್ಕಿಯಿಲ್ಲ ಎಂದು ಜನ ಆಶ್ಚರ್ಯಪಡುವುದು ಈ ಕಾರಣಕ್ಕೆ.

ಹಾಗಾಗಿ ‘ಕೆಲಸ ನಿಲ್ಲಿಸಿ’ ಎಂದು ಮನವಿ ಕೊಡಬೇಡಿ. ಹೂಳು ತೆಗೆಯುವುದು ಊರಿಗೂ ಹೊಲಕ್ಕೂ ಬೇಕಾದ ಕೆಲಸ. ನಕ್ಷೆಯಲ್ಲಿ ಗೆರೆ ಎಳೆದು ಕೊಡಿ: ಹೂಳು ಏರಿಯ ಕಡೆಯ ಭಾಗದಲ್ಲಿ ತೆಗೆಯಲಿ, ನೀರು ಬರುವ ಕಡೆಯ ಮೂರನೇ ಒಂದು ಭಾಗವನ್ನು ಇಳಿಜಾರಾಗಿಯೇ ಬಿಡಲಿ, ಕಲ್ಲಿನ ಕೆಲಸ ಏರಿಗಷ್ಟೇ ಇರಲಿ, ಬಯಲಿನ ಕಡೆ ನಡಿಗೆ ಪಥವೂ ದೀಪವೂ ಬೇಡ, ನೀರೊಳಗಿನ ಜಾಲಿ ಮರಗಳನ್ನು ಕಡಿಯುವುದು ಬೇಡ. ವಿಜಯನಗರ ಜಿಲ್ಲೆಯ ಅಂಕಸಮುದ್ರದ ಕೆರೆಯೊಳಗಿನ ಜಾಲಿ ಮರಗಳಲ್ಲಿ ನೀರುಹಕ್ಕಿಗಳು ಗೂಡು ಕಟ್ಟುತ್ತವೆ. ಆ ಕೆರೆ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣವಾಯಿತು. ಈ ಉದಾಹರಣೆ ಅಧಿಕಾರಿಗಳ ಮುಂದೆ ತೂಕದ್ದು.

ಐದು ವರ್ಷದ ಪಟ್ಟಿಗಳನ್ನು ಹಾಗೇ ಒಪ್ಪಿಸಬೇಡಿ, ಯಾರೂ ಓದುವುದಿಲ್ಲ. ಒಂದು ಪುಟ ಸಾಕು: ಒಟ್ಟು ಎಷ್ಟು ಪ್ರಭೇದ, ವಲಸೆ ಬರುವವು ಎಷ್ಟು, ಯಾವ ತಿಂಗಳಲ್ಲಿ ಗರಿಷ್ಠ ಸಂಖ್ಯೆ, ಅವು ಕೆರೆಯ ಯಾವ ಮೂಲೆಯಲ್ಲಿ ಮೇಯುತ್ತವೆ. ಈ ಕೊನೆಯದೇ ಅತಿ ಮುಖ್ಯ. ಬಳಗಗಳು ಬರೆದಿಟ್ಟುಕೊಳ್ಳದೆ ಪರದಾಡುವುದೂ ಇದಕ್ಕೇ. ನಿಮ್ಮಲ್ಲಿ ಇಲ್ಲದಿದ್ದರೆ ಈ ವಾರದಿಂದಲೇ ಶುರುಮಾಡಿ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಕೆರೆ ಸಣ್ಣ ನೀರಾವರಿ ಇಲಾಖೆಯದು, ಕಡಿಮೆಯಿದ್ದರೆ ಪಂಚಾಯಿತಿಯದು. ಮನವಿಯನ್ನು ಸರಿಯಾದ ಕಡೆಗೆ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅಚ್ಚುಕಟ್ಟಿನ ರೈತರ ಸಹಿಯಿದ್ದರೆ ಮಾತಿಗೆ ಬಲ ಬರುತ್ತದೆ, ಅವರನ್ನು ಬಿಟ್ಟು ಹೋಗಬೇಡಿ.

ಶಾಲೆಗೆ ಇಪ್ಪತ್ತು ಗುಬ್ಬಿ ಗೂಡು ಹಂಚಿದೆವು. ಒಂದಕ್ಕೂ ಗುಬ್ಬಿ ಬರಲಿಲ್ಲ.
– ಓದುಗರು, ಕೊಪ್ಪಳ

ನೀವು ಕಳಿಸಿದ ಚಿತ್ರದಲ್ಲೇ ಕಾರಣಗಳು ಕಾಣುತ್ತಿವೆ. ತೂತು ಎರಡು ಇಂಚು ಅಗಲ ಇದೆ, ಅದರಲ್ಲಿ ಗೊರವಂಕ ನುಗ್ಗುತ್ತದೆ. ಗುಬ್ಬಿಗೆ 32 ಮಿ.ಮೀ. ಸಾಕು. ತೂತಿನ ಕೆಳಗಿನ ಕಡ್ಡಿ ಗುಬ್ಬಿಗೆ ಬೇಡವೇ ಬೇಡ, ಅದು ಕಾಗೆಗೆ ಕೂರಲು ಅನುಕೂಲ. ಗೂಡನ್ನು ತಂತಿಯಲ್ಲಿ ತೂಗುಬಿಟ್ಟಿದ್ದೀರಿ. ಅಲುಗುವ ಗೂಡು ಗುಬ್ಬಿಗೆ ಹಿಡಿಸುವುದಿಲ್ಲ, ಗೋಡೆಗೆ ಬಿಗಿಯಾಗಿ ಹೊಡೆಯಿರಿ. ಒಳಗಿನ ತಳ 12×12 ಸೆಂ.ಮೀ., ತಳದಿಂದ ತೂತಿಗೆ ಸುಮಾರು 15 ಸೆಂ.ಮೀ., ಹಲಗೆಯ ದಪ್ಪ 15 ಮಿ.ಮೀ., ತಳದಲ್ಲಿ ನೀರು ಸೋರಲು ನಾಲ್ಕು ಸಣ್ಣ ತೂತು. ಪ್ಲಾಸ್ಟಿಕ್ ಮತ್ತು ತಗಡು ಬೇಡ: ಕೊಪ್ಪಳದ ಬೇಸಿಗೆಯಲ್ಲಿ ಮರಿ ಬೆಂದುಹೋಗುತ್ತದೆ. ಸೂರಿನ ಕೆಳಗೆ, ಎಂಟು ಹತ್ತು ಅಡಿ ಎತ್ತರದಲ್ಲಿ, ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ, ಮೂರ್ನಾಲ್ಕು ಗೂಡು ಸಾಲಾಗಿ ಇಡಿ. ಗುಬ್ಬಿ ಗುಂಪಿನಲ್ಲಿ ಬಾಳುವ ಹಕ್ಕಿ.

ಇಷ್ಟಾದರೂ, ಅರ್ಧ ಕಿಲೋಮೀಟರ್ ಸುತ್ತಳತೆಯಲ್ಲಿ ಗುಬ್ಬಿಯೇ ಇಲ್ಲದಿದ್ದರೆ ಗೂಡು ಖಾಲಿಯೇ ಇರುವ ಸಾಧ್ಯತೆ ಹೆಚ್ಚು. ಹಂಚುವ ಮೊದಲು ಗುಬ್ಬಿ ಎಲ್ಲಿದೆ ಎಂದು ಮಕ್ಕಳಿಂದಲೇ ಪಟ್ಟಿ ಮಾಡಿಸಿ. ಮರಿಗಳಿಗೆ ಮೊದಲ ದಿನಗಳಲ್ಲಿ ಬೇಕಾದ್ದು ಹುಳ, ಕಾಳಲ್ಲ. ಶಾಲೆಯ ಬೇಲಿಗೆ ಕೀಟನಾಶಕ ಹೊಡೆಯುವುದನ್ನು ನಿಲ್ಲಿಸಿದರೆ ಗೂಡಿಗಿಂತ ದೊಡ್ಡ ಉಪಕಾರ.

ಗೂಡಿನಿಂದ ಬಿದ್ದ ಮರಿ, ಗಾಳಿಪಟದ ಮಾಂಜಾಕ್ಕೆ ಸಿಕ್ಕ ಹದ್ದು, ಏನು ಕಂಡರೂ ಜನ ನಮ್ಮನ್ನೇ ಕರೆಯುತ್ತಾರೆ. ನಾವೇನು ಮಾಡಬೇಕು?
– ಓದುಗರು, ಮಂಡ್ಯ

ಮರಿಗೆ ಗರಿ ಮೂಡಿ, ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ. ನಾಯಿ ಬೆಕ್ಕು ಬರದಂತೆ ಪೊದೆಯ ಮೇಲಿಟ್ಟು ದೂರ ಸರಿಯಿರಿ, ತಂದೆತಾಯಿ ಹತ್ತಿರದಲ್ಲೇ ಇರುತ್ತವೆ. ಗರಿಯಿಲ್ಲದ ಮರಿಯಾದರೆ ಗೂಡಿಗೆ ಮರಳಿ ಇಡಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬ ಮಾತು ನಿಜವಲ್ಲ. ಗೂಡೇ ಬಿದ್ದಿದ್ದರೆ ತಳದಲ್ಲಿ ತೂತಿರುವ ಸಣ್ಣ ಬುಟ್ಟಿಗೆ ಒಣಹುಲ್ಲು ಹಾಕಿ ಅದೇ ಮರಕ್ಕೆ ಕಟ್ಟಿ.

ಹದ್ದಿನ ರೆಕ್ಕೆಗೆ ಸುತ್ತಿದ ಮಾಂಜಾವನ್ನು ಎಳೆಯಬೇಡಿ, ಎಳೆದಷ್ಟೂ ಮಾಂಸ ಕೊಯ್ಯುತ್ತದೆ. ಎರಡೂ ಕಡೆ ಗೇಣುದ್ದ ಬಿಟ್ಟು ದಾರ ಕತ್ತರಿಸಿ. ದಪ್ಪ ಬಟ್ಟೆಯನ್ನು ತಲೆಯ ಮೇಲಿಂದ ಹೊದಿಸಿ, ರೆಕ್ಕೆ ಮಡಚಿ, ಗಾಳಿತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ. ಕತ್ತಲಿದ್ದರೆ ಹಕ್ಕಿ ಸುಮ್ಮನಾಗುತ್ತದೆ. ಬಾಯಿಗೆ ನೀರು ಹನಿಸಬೇಡಿ: ಹಕ್ಕಿಯ ಉಸಿರುನಾಳದ ಬಾಯಿ ನಾಲಗೆಯ ಬುಡದಲ್ಲೇ ಇರುವುದರಿಂದ ನೀರು ನೇರ ಪುಪ್ಪುಸಕ್ಕೆ ಇಳಿಯಬಹುದು. ಹಾಲು, ಬ್ರೆಡ್ಡು ಕೂಡ ಬೇಡ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಕಾಡುಹಕ್ಕಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಉದ್ದೇಶ ಒಳ್ಳೆಯದಾದರೂ.

ನಿಮ್ಮ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗೆ ಒಮ್ಮೆ ಬಳಗವನ್ನು ಕರೆದುಕೊಂಡು ಹೋಗಿ. ಹುಣಸೆ ಮರಗಳಿಂದ ಬಿದ್ದ ಹೆಜ್ಜಾರ್ಲೆ ಮರಿಗಳಿಗೆ ಮೀನುಣಿಸಿ, ಆವರಣದಲ್ಲಿ ಬೆಳೆಸಿ, ರೆಕ್ಕೆ ಬಲಿತ ಮೇಲೆ ಬಿಡುವ ಕೆಲಸವನ್ನು ಅಲ್ಲಿನ ಹೆಜ್ಜಾರ್ಲೆ ಬಳಗ ಅರಣ್ಯ ಇಲಾಖೆಯ ಜೊತೆಗೂಡಿ ಮಾಡಿಕೊಂಡು ಬಂದಿದೆ. ಮರಿಗಳಿರುವ ಹೊತ್ತಿನಲ್ಲಿ ಹೋದರೆ ಮರದ ಬುಡಕ್ಕೆ ಗುಂಪಾಗಿ ಹೋಗಬೇಡಿ. ಬೆದರಿ ಸರಿದಾಡುವ ಮರಿಗಳೇ ಕೆಳಗೆ ಬೀಳುವುದು.